ಬಯಲುಸೀಮೆಯ ಹಿತ್ತಲಿನಲ್ಲಿ ವಸಂತದ ಹೂವು, ಚಿಟ್ಟೆ ಮತ್ತು ಹಕ್ಕಿ

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವಷ್ಟರಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೊಂಗೆ ಚಿಗುರುತ್ತದೆ, ಬೇವು ಹೂ ಬಿಡುತ್ತದೆ, ಗುಂಡುಮಲ್ಲಿಗೆ ಮೊಗ್ಗು ಕಟ್ಟುತ್ತದೆ. ಅದೇ ಹೊತ್ತಿಗೆ ಕುಂಟೆಗಳು ಬತ್ತತೊಡಗುವುದರಿಂದ, ನಾಲ್ಕೇ ಗಿಡಗಳಿರುವ ಹಿತ್ತಲೂ ಹಕ್ಕಿ, ಜೇನು, ಚಿಟ್ಟೆಗಳಿಗೆ ದೊಡ್ಡ ಆಸರೆಯಾಗುತ್ತದೆ. ಅವುಗಳನ್ನು ಕರೆತರಲು ಹೆಚ್ಚಿನ ಖರ್ಚು ಬೇಕಿಲ್ಲ.

ಮೊದಲು ಹೂವಿನ ಆಯ್ಕೆ. ಎಸಳು ಒತ್ತಾಗಿರುವ ಹೂಗಳು ಮುಡಿಗೂ ಪೂಜೆಗೂ ಚೆಂದವಾದರೂ ಅವುಗಳಲ್ಲಿ ಜೇನಿಗೆ ಸಿಗುವುದು ಕಡಿಮೆ. ಆದ್ದರಿಂದ ಅವುಗಳ ಜೊತೆಗೆ ಐದೆಸಳಿನ ಕೆಂಪು ದಾಸವಾಳವೊಂದನ್ನು ನೆಡಿ; ಸೂರಕ್ಕಿಗಳು ಅದನ್ನು ಹುಡುಕಿಕೊಂಡು ಬರುತ್ತವೆ. ತುಳಸಿಯ ತೆನೆಗಳನ್ನೆಲ್ಲ ಚಿವುಟದೆ ಕೆಲವನ್ನು ಜೇನಿಗೆಂದು ಉಳಿಸಿ. ಕೊತ್ತಂಬರಿ ಪಾತಿಯ ಒಂದು ಮೂಲೆಯನ್ನು ಕೀಳದೆ ಹೂವಿಗೆ ಬಿಟ್ಟರೆ, ಅದಕ್ಕೆ ಬರುವ ಹೂನೊಣಗಳ ಮರಿಗಳು ಗಿಡದ ಹೇನುಗಳನ್ನು ತಿಂದು ನಿಮ್ಮ ಕೆಲಸವನ್ನು ಹಗುರಗೊಳಿಸುತ್ತವೆ.

ಕರಿಬೇವಿನ ಗಿಡದ ಬಗ್ಗೆ ತುಸು ವಿವರವಾಗಿ ಹೇಳಬೇಕು. ಅದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತಹ ಕಂದು-ಬಿಳಿ ಚುಕ್ಕೆ ಕಂಡರೆ ಹೊಸಕಬೇಡಿ, ಔಷಧಿಯನ್ನೂ ಹೊಡೆಯಬೇಡಿ. ಅದು ನಿಂಬೆ ಚಿಟ್ಟೆಯ ಇಲ್ಲವೇ ಅದರ ಬಳಗದ ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು ಆಗಿರಬಹುದು. ಬೆಳೆದಂತೆ ಅದು ಎಲೆಯ ಬಣ್ಣಕ್ಕೇ ತಿರುಗುತ್ತದೆ. ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಕೊಂಬನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಎರಡು-ಮೂರು ವಾರ ಎಲೆ ತಿಂದ ಬಳಿಕ, ಸೊಂಟಕ್ಕೊಂದು ರೇಷ್ಮೆಯೆಳೆ ಸುತ್ತಿಕೊಂಡು ಕಡ್ಡಿಗೆ ಒರಗಿ ಕೋಶವಾಗುತ್ತದೆ. ಬಲಿತ ಗಿಡ ಮತ್ತೆ ಚಿಗುರುವುದರಿಂದ ಒಗ್ಗರಣೆಗೆ ಕೊರತೆಯಾಗದು. ಕೋಶದ ಬಣ್ಣ ಕಪ್ಪಾಗಿ ಒಳಗಿನ ರೆಕ್ಕೆಯ ಗುರುತು ಕಂಡಾಗ ಅಕ್ಕಪಕ್ಕದ ಮನೆಯ ಮಕ್ಕಳಿಗೆ ಮರುದಿನ ಬೆಳಿಗ್ಗೆ ಬೇಗ ಬರಲು ಹೇಳಿ. ಮುದುಡಿದ ರೆಕ್ಕೆ ಅರಳಿ, ಒಣಗಿ, ಚಿಟ್ಟೆ ಹಾರುವುದನ್ನು ಒಮ್ಮೆ ನೋಡಿದ ಮಗು ಮತ್ತೆಂದೂ ಹುಳುವನ್ನು ಅಸಹ್ಯಪಡುವುದಿಲ್ಲ ಎಂಬುದು ನನ್ನ ದೃಢ ನಂಬಿಕೆ.

ನೀರಿಗೆ ಅಗಲವಾದ ಮಣ್ಣಿನ ತಟ್ಟೆ ಸಾಕು. ಒಂದೆರಡು ಅಂಗುಲ ನೀರು ತುಂಬಿ, ಜೇನು ಕೂರಲೆಂದು ನೀರಿನಿಂದ ಮೇಲೇಳುವ ಕಲ್ಲುಗಳನ್ನಿಟ್ಟು, ಬೆಕ್ಕು ಅವಿತುಕೊಳ್ಳಲಾಗದಂತಹ ತೆರೆದ ನೆರಳಿನಲ್ಲಿ ಇಡಿ. ಸೊಳ್ಳೆ ಮರಿಮಾಡದಂತೆ ನೀರನ್ನು ದಿನವೂ ಬದಲಿಸಿ. ಚೆಲ್ಲುವ ನೀರು ಮಲ್ಲಿಗೆಯ ಪಾತಿಗೆ ಹೋಗಲಿ.

ಗಿಡ ಸವರುವ ಮೊದಲು ಕೊಂಬೆಗಳನ್ನು ಪರೀಕ್ಷಿಸಿ. ನಾರು, ತೊಗಟೆಯ ಚೂರು, ಜೇಡರ ಬಲೆ ಸೇರಿಸಿ ಹೆಣೆದ, ಪಕ್ಕದಲ್ಲಿ ಬಾಗಿಲೂ ಅದರ ಮೇಲೆ ಪುಟ್ಟ ಸೂರೂ ಇರುವ ಚೀಲ ತೂಗುತ್ತಿದ್ದರೆ ಅದು ಸೂರಕ್ಕಿಯ ಗೂಡು. ಮೊಟ್ಟೆಯಿಟ್ಟು ಮರಿ ಹಾರಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕತ್ತರಿ ಬದಿಗಿರಲಿ. ಹತ್ತಿರ ಹೋಗಿ ಫೋಟೊ ತೆಗೆಯುವ ಆಸೆಯನ್ನೂ ತಡೆದುಕೊಳ್ಳಿ, ಬಂದವರಿಗೆ ದೂರದಿಂದಲೇ ತೋರಿಸಿ.

ಹೊಂಗೆಯ ಹೂ ಅಂಗಳದ ತುಂಬ ಉದುರಿದಾಗ ಗುಡಿಸಿ ಸುಡದೆ ಗಿಡದ ಬುಡಕ್ಕೆ ಹರಡಿ. ಬೇಸಿಗೆಯಲ್ಲಿ ತೇವ ಉಳಿಯುತ್ತದೆ, ಮಳೆ ಬಂದಾಗ ಗೊಬ್ಬರವಾಗುತ್ತದೆ. ಆಗ ದಾಸವಾಳದ ಬಲಿತ ಕಡ್ಡಿಗಳನ್ನು ಕತ್ತರಿಸಿ ನೆರೆಯವರಿಗೂ ಕೊಡಿ.