ಆರು ಲಕ್ಷದ ಪ್ಯಾಕು, ಬೆರಳಗಲ ಕಿಲುಬು: ನನ್ನ ಅನುಭವ

ಹೋದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಎಸ್ಟೇಟ್ ಗೌಡರೊಬ್ಬರು ತಮ್ಮ ಎಲೆಕ್ಟ್ರಿಕ್ ಕಾರನ್ನು ಲಾರಿ ಮೇಲೆ ಹಾಕಿಸಿಕೊಂಡು ಹಾಸನದ ನನ್ನ ಶೆಡ್ಡಿಗೆ ಬಂದರು. ಸರ್ವಿಸ್ ಸೆಂಟರಿನವರು ತಳಕ್ಕೆ ಕಲ್ಲು ಬಡಿದ ಗುರುತು ತೋರಿಸಿ ವಾರಂಟಿ ಇಲ್ಲ ಅಂದಿದ್ದರಂತೆ. ಬ್ಯಾಟರಿ ಪ್ಯಾಕ್ ಪೂರ್ತಿ ಬದಲಿಸಲು ಆರು ಲಕ್ಷದ ಮೇಲೆ. "ನೀನೇನಾದರೂ ನೋಡ್ತೀಯೇನಪ್ಪ?" ಅಂದರು. ನೋಡ್ತೀನಿ ಸರ್ ಅಂದುಬಿಟ್ಟೆ.

ಬಿ.ಎಂ. ರಸ್ತೆಯಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿಗೆ ಸುದ್ದಿ ಮುಟ್ಟಿ ಸಂಜೆಯೇ ಬಂದರು. "ಲೋ, ಮುನ್ನೂರು ವೋಲ್ಟ್ ಡಿಸಿ ಕಣೋ ಅದು. ಹಿಡಿದರೆ ಬಿಡಲ್ಲ. ಹೆಂಡತಿ ಮಕ್ಕಳಿಲ್ವಾ ನಿಂಗೆ?" ಅವರ ಮಾತು ಸುಳ್ಳಲ್ಲ. ಅದಕ್ಕೇ ಮೊದಲು ದುಡ್ಡು ಹಾಕಿದ್ದು ನನ್ನ ಕೈ ಉಳಿಸಿಕೊಳ್ಳೋಕೆ. 1000 ವೋಲ್ಟ್ ತಡೆಯೋ ಕ್ಲಾಸ್ ಝೀರೋ ಗ್ಲೌಸು, ಅದರ ಮೇಲೆ ಚರ್ಮದ್ದು, ಒಳ್ಳೆ ಮೀಟರು, ಇನ್ಸುಲೇಟೆಡ್ ಸ್ಪ್ಯಾನರ್ ಸೆಟ್ಟು, ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಹೋಯ್ತು. ಮೊದಲು ತರಿಸಿದ ಅಗ್ಗದ ಗ್ಲೌಸನ್ನು ಗಾಳಿ ತುಂಬಿ ಸುರುಳಿ ಸುತ್ತಿದರೆ ಹೆಬ್ಬೆರಳ ಬುಡದಲ್ಲಿ ಬುಸ್ ಅಂತ ಸೋರಿತು. ಅದೀಗ ನಮ್ಮನೆ ಪಾಯಿಖಾನೆ ತೊಳೆಯೋಕೆ. ಪ್ಯಾಕ್ ಬಿಚ್ಚಿರೋವಾಗ ಹುಡುಗ ಒಬ್ಬ ಒಣ ಮರದ ಕೊಕ್ಕೆ ಹಿಡಿದು ಪಕ್ಕದಲ್ಲೇ ನಿಂತಿರಬೇಕು, ನನ್ನನ್ನು ಎಳೆಯೋಕೆ. ಉಂಗುರ, ವಾಚು, ಕೊರಳ ಚೈನು ಎಲ್ಲ ಡಬ್ಬಿಗೆ.

ಕಾಯಿಲೆ ವಿಚಿತ್ರವಾಗಿತ್ತು. ಬೆಳಗ್ಗೆ ಚೆನ್ನಾಗಿ ಓಡತ್ತೆ. ಅರ್ಧ ಗಂಟೆ ಏರು ಹತ್ತಿಸಿದರೆ ಇನ್ಸುಲೇಷನ್ ಫಾಲ್ಟ್, ಅಂದರೆ ಕರೆಂಟ್ ಬಾಡಿಗೆ ಸೋರ್ತಿದೆ ಅನ್ನೋ ಎಚ್ಚರಿಕೆ, ಬಂದು ನಿಲ್ಲತ್ತೆ. ಒಂದು ರಾತ್ರಿ ಬಿಟ್ಟರೆ ಮತ್ತೆ ಸರಿ. ಮಲೆನಾಡ ಮಳೆ, ಕನೆಕ್ಟರಿಗೆ ನೀರು ಹೋಗಿದೆ ಅಂತ ನಾನೂ ಅಂದುಕೊಂಡೆ. ಕಿತ್ತಳೆ ಬಣ್ಣದ ಕೇಬಲ್ಲುಗಳ ಕನೆಕ್ಟರ್ ಒಂದೊಂದನ್ನೂ ಬಿಚ್ಚಿ ಒಣಗಿಸಿ, ಕಂಪ್ಯೂಟರಲ್ಲಿ ದಾಖಲಾದ ಫಾಲ್ಟ್ ಕೋಡ್ ಅಳಿಸಿ, ಎದೆ ಉಬ್ಬಿಸಿ ಕಳಿಸಿದೆ. ಮೂರೇ ದಿನ. ಅದೂ ಒಂದು ಹನಿ ಮಳೆ ಇಲ್ಲದ ದಿನ ವಾಪಸ್ ಬಂತು. ಈ ಸಲ ಫಾಲ್ಟ್ ಬಂದದ್ದು ಹೋಗಲೇ ಇಲ್ಲ. ಒಂದು ಲೆಕ್ಕದಲ್ಲಿ ಅದೇ ನನ್ನ ಪುಣ್ಯ.

ಪ್ಯಾಕ್ ಇಳಿಸೋಕೆ ಟೇಬಲ್ ನಾನೇ ವೆಲ್ಡ್ ಮಾಡಿಕೊಂಡೆ. ಮುನ್ನೂರು ಕೇಜಿ ಹತ್ತಿರ ಇತ್ತು ಅಂತ ನೆನಪು. 12 ವೋಲ್ಟ್ ಬ್ಯಾಟರಿ ತೆಗೆದು, ಪ್ಯಾಕಿನ ಸಾಲನ್ನು ಮಧ್ಯದಲ್ಲಿ ಕಡಿಯೋ ಸರ್ವಿಸ್ ಪ್ಲಗ್ ಎಳೆದು, ಇನ್ವರ್ಟರ್ ಕೆಪಾಸಿಟರಲ್ಲಿ ಉಳಿದ ಚಾರ್ಜ್ ಖಾಲಿಯಾಗಲಿ ಅಂತ ಹತ್ತು ನಿಮಿಷ ಕೂತು, ಮೀಟರಲ್ಲಿ ಸೊನ್ನೆ ನೋಡಿದ ಮೇಲೆ ಇಳಿಸಿದ್ದು. 

ಮುಚ್ಚಳ ತೆಗೆದ ಮೇಲೆ ದೊಡ್ಡ ತಪ್ಪು ಮಾಡಿದೆ. ಸೆಲ್ಲುಗಳ ಮೇಲೆ ಕಣ್ಣಿಡೋ ಬಿಎಂಎಸ್ ಬೋರ್ಡಿನ ವೈರ್ ಬಿಚ್ಚದೆ ಮೆಗ್ಗರ್, ಅಂದರೆ ಹೆಚ್ಚು ವೋಲ್ಟ್ ಹಾಯಿಸಿ ಸೋರಿಕೆ ಅಳೆಯೋ ಮೀಟರ್, ಒತ್ತಿದೆ. ಅದೂ 1000 ವೋಲ್ಟಿಗೆ ಇಟ್ಟು. ಟಿಕ್ ಅಂತ ಸಣ್ಣ ಸದ್ದು ಬಂತು, ಅಷ್ಟೇ. ಬೋರ್ಡ್ ಹೋಯ್ತು. ದೆಹಲಿಯ ಗುಜರಿಯಿಂದ ಅದೇ ಬೋರ್ಡ್ ತರಿಸೋಕೆ ಹದಿನೆಂಟು ಸಾವಿರ, ಹನ್ನೆರಡು ದಿನ. ಗೌಡರಿಗೆ ನಾನದನ್ನು ಹೇಳಲಿಲ್ಲ, ಬಿಲ್ಲಿಗೂ ಸೇರಿಸಲಿಲ್ಲ.

ಆ ಹನ್ನೆರಡು ದಿನದಲ್ಲಿ ಮೆಗ್ಗರ್ ಪಕ್ಕಕ್ಕಿಟ್ಟು ಬರೀ ಮೀಟರಲ್ಲಿ ಹುಡುಕಿದೆ.  ಪ್ಯಾಕಲ್ಲಿ ನೂರು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ಲು ಸಾಲಾಗಿವೆ, ಹತ್ತತ್ತರ ಮಾಡ್ಯೂಲು. ಬಿಎಂಎಸ್ ವೈರೆಲ್ಲ ಬಿಚ್ಚಿ, ಸರ್ವಿಸ್ ಪ್ಲಗ್ ವಾಪಸ್ ಹಾಕಿ, ಪ್ಯಾಕನ್ನು ಕಾರಿಗೆ ಜೋಡಿಸೋ ದೊಡ್ಡ ಸ್ವಿಚ್ಚು, ಅದೇ ಕಾಂಟ್ಯಾಕ್ಟರಿಗಿಂತ ಒಳಗಡೆ ಅಳೆದೆ. ಪ್ಲಗ್ ಹಾಕದಿದ್ದರೆ ಸಾಲು ಮಧ್ಯದಲ್ಲೇ ಕಡಿದಿರತ್ತೆ, ಲೆಕ್ಕ ತಪ್ಪತ್ತೆ. ಪ್ಲಸ್‌ನಿಂದ ಪ್ಯಾಕಿನ ಕೇಸಿಗೆ 230. ಮೈನಸ್‌ನಿಂದ ಕೇಸಿಗೆ 98. ಕೂಡಿಸಿದರೆ 328, ಪೂರ್ತಿ ಪ್ಯಾಕಿನ ವೋಲ್ಟೇಜು. ಒಳ್ಳೆ ಪ್ಯಾಕಾದರೆ ಎರಡೂ ಕಡೆ ಮುಳ್ಳು ನಿಲ್ಲದೆ ಇಳಿದು ಹೋಗಬೇಕು. ಇಲ್ಲಿ ಎರಡೂ ಗಟ್ಟಿಯಾಗಿ ನಿಂತವು. ಅಂದರೆ ಎಲ್ಲೋ ಒಂದೇ ಕಡೆ ಕರೆಂಟ್ ಕೇಸಿಗೆ ಇಳೀತಿದೆ. ಆ ಜಾಗ ಮೈನಸ್‌ನಿಂದ 98 ವೋಲ್ಟ್ ದೂರ. ಸೆಲ್ಲಿಗೆ 3.28 ಹಿಡಿದರೆ ಮೂವತ್ತನೇ ಸೆಲ್ಲು. ಮೂರನೇ ಮಾಡ್ಯೂಲ್ ಮುಗಿದು ನಾಲ್ಕನೆಯದು ಶುರುವಾಗೋ ಜಾಗ!

ಸೋರಿಕೆ ಎಷ್ಟಿದೆ ಅಂತ ನೋಡೋಕೆ ಪ್ಲಸ್‌ನಿಂದ ಕೇಸಿಗೆ 100 ಕಿಲೋ ಓಮ್, ಎರಡು ವಾಟಿನ ರೆಸಿಸ್ಟರ್ ಹಾಕಿ ಮತ್ತೆ ಅಳೆದೆ. 230 ಇದ್ದದ್ದು 180ಕ್ಕೆ ಇಳಿಯಿತು. ಐವತ್ತು ಕುಸಿದಿದೆ, ಅದನ್ನು 180ರಿಂದ ಭಾಗಿಸಿ ನೂರರಿಂದ ಗುಣಿಸಿ: ಸುಮಾರು 28 ಕಿಲೋ ಓಮ್. ಸುರಕ್ಷತೆಗೆ ಹಿಡಿಯೋ ವೋಲ್ಟಿಗೆ 500 ಓಮ್ ಲೆಕ್ಕದಲ್ಲಿ 160 ಕಿಲೋ ಆದರೂ ಇರಬೇಕಿತ್ತು. ಕಾರು ನಿಂತಿದ್ದು ನ್ಯಾಯವೇ.

ಆ ಜಾಗಕ್ಕೆ ಟಾರ್ಚ್ ಹಿಡಿದೆ. ಎರಡು ಮಾಡ್ಯೂಲ್ ಜೋಡಿಸೋ ತಾಮ್ರದ ಪಟ್ಟಿಯ ಅಂಚಲ್ಲಿ ಬೆರಳಗಲ ಹಸಿರು ಕಿಲುಬು. ಅದರ ಕೆಳಗೆ, ಪ್ಯಾಕನ್ನು ತಣ್ಣಗಿಡೋ ಕೂಲೆಂಟ್ ಪೈಪಿನ ಜಾಯಿಂಟು, ಗುಲಾಬಿ ಬಣ್ಣದ ಅಂಟು ಅಂಟು ಹನಿ. ಮೂಸಿದರೆ ಸಿಹಿ ವಾಸನೆ. ಕಲ್ಲು ಬಡಿದು ಜಾಯಿಂಟಲ್ಲಿ ಕೂದಲೆಳೆ ಸೀಳು ಬಿದ್ದಿತ್ತು. ಏರಲ್ಲಿ ಬಿಸಿಯಾಗಿ ಪಂಪ್ ತಳ್ಳಿದಾಗ ಮಾತ್ರ ಜಿನುಗಿ ಪಟ್ಟಿಯಿಂದ ಕೇಸಿಗೆ ಕರೆಂಟಿಗೆ ದಾರಿ ಮಾಡತ್ತೆ, ರಾತ್ರಿ ಆರತ್ತೆ. ನಾನು ಪಾಪ ಮಳೆಯನ್ನು ಬೈದಿದ್ದೆ.

ಜಾಯಿಂಟ್ ಬದಲಿಸಿದೆ, ಪಟ್ಟಿ ಬಿಚ್ಚಿ ಉಜ್ಜಿದೆ, ಪೈಪಿಗೆ ಒಂದು ಬಾರ್ ಒತ್ತಡದ ಗಾಳಿ ತುಂಬಿ ರಾತ್ರಿಯಿಡೀ ಗೇಜ್ ಕಾದೆ. ಸಾಮಾನಿಗೆ ಎರಡೂವರೆ ಸಾವಿರವೂ ಆಗಲಿಲ್ಲ. ಮಾಡ್ಯೂಲ್ ಎತ್ತದೆ ಅದರಡಿಯ ಕೂಲೆಂಟ್ ಹೇಗೆ ತೆಗೆದೆ, ಮುಚ್ಚಳದ ಸೀಲಿಗೆ ಏನು ಬಳಸಿದೆ ಅಂತ ಫೋನ್ ಮಾಡಿ ಕೇಳಬೇಡಿ. ಅದೆರಡೂ ನನ್ನ ಅನ್ನ.

ಬೋರ್ಡ್ ಬಂದು ಎಲ್ಲ ಜೋಡಿಸಿದರೆ ಕಾರು ರೆಡಿಯೇ ಆಗಲಿಲ್ಲ. ನಾಲ್ಕು ಗಂಟೆ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಸರ್ವಿಸ್ ಪ್ಲಗ್ಗಿನೊಳಗಿನ ಇಂಟರ್‌ಲಾಕ್ ಪಿನ್ನು ಬಗ್ಗಿತ್ತು. ಗುಂಡುಸೂಜಿಯಷ್ಟು ಪಿನ್ನು! ಅದು ಕೂರದಿದ್ದರೆ ಕಾಂಟ್ಯಾಕ್ಟರ್ ಮುಚ್ಚಲ್ಲ. ನೆಟ್ಟಗೆ ಮಾಡಿ ಆನ್ ಮಾಡಿದೆ. ಮೊದಲು ಪ್ರೀಚಾರ್ಜ್, ಅಂದರೆ ಕೆಪಾಸಿಟರ್ ನಿಧಾನಕ್ಕೆ ತುಂಬೋದು, ಆಮೇಲೆ ಟಕ್ ಅಂತ ಮೇನ್ ಕಾಂಟ್ಯಾಕ್ಟರ್. ಎಷ್ಟು ಸಲ ಕೇಳಿದರೂ ನನಗೆ ಆ ಸದ್ದು ಇಷ್ಟ. ಚಾರ್ಜ್ ಶೇಕಡಾ ತಪ್ಪು ತೋರಿಸ್ತಿತ್ತು. ಎಲ್‌ಎಫ್‌ಪಿ ವೋಲ್ಟೇಜ್ ಮಧ್ಯದಲ್ಲಿ ಚಪ್ಪಟೆ, ಚಾರ್ಜ್ ಇಳಿದರೂ ಹೆಚ್ಚು ಬದಲಾಗಲ್ಲ, ಬಿಎಂಎಸ್‌ಗೂ ಅಂದಾಜು ಸಿಗಲ್ಲ. ಎರಡು ರಾತ್ರಿ ಪೂರ್ತಿ ಚಾರ್ಜಿಗೆ ಬಿಟ್ಟೆ, ಸೆಲ್ಲೆಲ್ಲ ಸಮಕ್ಕೆ ಬಂದು ಬ್ಯಾಲೆನ್ಸ್ ಆಯ್ತು.

ಟ್ರಯಲ್ ನೆಪದಲ್ಲಿ ಶಿರಾಡಿ ಘಾಟಿ ಇಳಿಸಿ ನೋಡಿದೆ. ಮೊದಲ ಸಲ ನೂರು ಪರ್ಸೆಂಟಲ್ಲೇ ಸಕಲೇಶಪುರ ಬಿಟ್ಟೆ, ದಡ್ಡ ನಾನು. ತುಂಬಿದ ಬ್ಯಾಟರಿ ರೀಜನ್, ಅಂದರೆ ಇಳಿಯುವಾಗ ಮೋಟಾರು ವಾಪಸ್ ಕೊಡೋ ಕರೆಂಟ್, ತಗೊಳ್ಳಲ್ಲ, ಬ್ರೇಕ್ ವಾಸನೆ ಬಂತು. ಎರಡನೇ ಸಲ 80ಕ್ಕೆ ಹೊರಟು ಘಾಟಿ ಬುಡದ ಗುಂಡ್ಯದಲ್ಲಿ 83 ನೋಡಿದೆ. ಇಳಿದೂ ಮೂರು ಲಾಭ! ವಾಪಸ್ ಹತ್ತುವಾಗ ಅದರ ಎಷ್ಟೋ ಪಟ್ಟು ಕಿತ್ತುಕೊಂಡಿತು ಅನ್ನಿ. ಮುಖ್ಯವಾದ್ದು, ಆ ಏರಲ್ಲಿ ಫಾಲ್ಟ್ ಬರಲಿಲ್ಲ.

ಗೌಡರಿಂದ ತಗೊಂಡದ್ದು ನಲವತ್ತೈದು ಸಾವಿರ. ಟೇಬಲ್ಲು, ಗ್ಲೌಸು, ಸುಟ್ಟ ಬೋರ್ಡು ಕಳೆದರೆ ಕೈಗೆ ಹತ್ತಿದ್ದು ಸೊನ್ನೆ, ಅಥವಾ ಸ್ವಲ್ಪ ಮೈನಸ್. ಆಮೇಲೆ ಬಂದ ನಾಲ್ಕು ಕಾರಲ್ಲಿ ಆ ನಷ್ಟ ತುಂಬಿಕೊಂಡಿತು. ಅದರಲ್ಲಿ ಒಂದು, ಪ್ಯಾಕ್ ತುಂಬಾ ಚಾರ್ಜಿದ್ದೂ 12 ವೋಲ್ಟಿನ ಪುಟ್ಟ ಬ್ಯಾಟರಿ ಸತ್ತು ನಿಂತಿದ್ದು. ಐದು ನಿಮಿಷದ ಕೆಲಸ, ಮುನ್ನೂರು ರೂಪಾಯಿ ಮಾತ್ರ ಕೇಳಿದೆ.

ಈಗ ಶೆಡ್ಡಲ್ಲಿರೋದು ಮೇನ್ ಕಾಂಟ್ಯಾಕ್ಟರ್ ಅಂಟಿಕೊಂಡ ಗಾಡಿ. ಆಫ್ ಮಾಡಿದರೂ ಹೊರಗಿನ ಕೇಬಲ್ಲಲ್ಲಿ ವೋಲ್ಟೇಜ್ ನಿಂತಿರತ್ತೆ. ಅದನ್ನು ಕಳಿಸಿದ್ದು ಮೇಸ್ತ್ರಿಯೇ, ಜೊತೆಗೆ ಒಣಗಿದ ಸಿಲ್ವರ್ ಓಕ್ ಮರದ ಉದ್ದನೆ ಕೊಕ್ಕೆಯೊಂದನ್ನೂ ಕಳಿಸಿದ್ದಾರೆ. ನಾಳೆ ಬೆಳಗ್ಗೆ ಬಿಚ್ಚಬೇಕು.