ವಾಚಿನ ಟೈಮ್ ಸರಿ ಮಾಡಬೇಡಿ, ಮೊದಲು ಬರೆದಿಡಿ

ಅಪ್ಪನ ಹಳೆಯ ಕೀ ಕೊಡುವ ವಾಚು ನನ್ನ ಕೈಗೆ ಬಂದಾಗ ದಿನಾ ಬೆಳಿಗ್ಗೆ ಫೋನ್ ನೋಡಿ ಅದರ ಟೈಮ್ ಸರಿ ಮಾಡುತ್ತಿದ್ದೆ. ಒಂದು ತಿಂಗಳು ಕಳೆಯಿತು. ದಿನಕ್ಕೆ ಎಷ್ಟು ಮುಂದೆ ಓಡುತ್ತದೆ ಅಂತ ವಾಚ್ ರಿಪೇರಿಯವರು ಕೇಳಿದರು. ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಇರುವುದಾದರೂ ಹೇಗೆ? ಲೆಕ್ಕ ಸಿಗುವ ಮೊದಲೇ ದಿನಾ ನಾನೇ ಅದನ್ನು ಅಳಿಸುತ್ತಿದ್ದೆನಲ್ಲ.

ಹಾಗಾಗಿ ಅಳೆಯಲು ಶುರು ಮಾಡಿದ ಮೇಲೆ ಮುಳ್ಳು ಮುಟ್ಟಬೇಡಿ. ಎಷ್ಟು ತಪ್ಪಿದೆ ಅಂತ ಬರೆಯಿರಿ, ಅಷ್ಟೇ.

ಹೋಲಿಸಲು ಒಂದು ಸರಿಯಾದ ಗಡಿಯಾರ ಬೇಕು. ಟಿವಿಯಲ್ಲಿ ಕಾಣುವ ಗಡಿಯಾರವನ್ನು ನಂಬಬೇಡಿ. ಡಿಜಿಟಲ್ ಪ್ರಸಾರ ಮನೆಗೆ ತಲುಪುವಾಗ ಕೆಲವು ಸೆಕೆಂಡ್ ತಡವಾಗಿರುತ್ತದೆ. ನಾನು ಒಂದು ವಾರ ಅದನ್ನೇ ನೋಡಿ ಬರೆದು, ಆ ಪುಟ ಹರಿದು ಹಾಕಿದೆ. ಫೋನ್ ಸಾಕು, ಅದರಲ್ಲಿ ಟೈಮ್ ತಾನಾಗಿಯೇ ಸರಿಯಾಗುವಂತೆ ಸೆಟ್ಟಿಂಗ್ ಇರಲಿ. ಜತೆಗೆ ಟೈಮ್ ಡಾಟ್ ಈಸ್ (time.is) ಅನ್ನುವ ವೆಬ್‌ಸೈಟ್ ತೆರೆಯಿರಿ. ಅದು ಸೆಕೆಂಡ್ ಸಮೇತ ಸಮಯ ತೋರಿಸುತ್ತದೆ. ನಿಮ್ಮ ಫೋನೇ ಹಿಂದೆ ಮುಂದೆ ಇದ್ದರೆ ಅದನ್ನೂ ಹೇಳುತ್ತದೆ.

ಇನ್ನು ಓದುವ ರೀತಿ. ವಾಚನ್ನು ಫೋನ್ ಪಕ್ಕದಲ್ಲಿಡಿ. ಒಂದು ಕಣ್ಣು ಮುಚ್ಚಿ ಡಯಲನ್ನು ನೇರ ಮೇಲಿನಿಂದ ನೋಡಿ. ಓರೆಯಾಗಿ ನೋಡಿದರೆ ಮುಳ್ಳು ಪಕ್ಕದ ಗೆರೆಯ ಮೇಲಿದ್ದಂತೆ ಕಾಣುತ್ತದೆ, ಅಲ್ಲೇ ಒಂದು ಸೆಕೆಂಡ್ ಹೋಯಿತು. ನಾನು ಬಾಯಲ್ಲೇ ಎಣಿಸುತ್ತೇನೆ: ಐವತ್ತೇಳು, ಐವತ್ತೆಂಟು, ಐವತ್ತೊಂಬತ್ತು, ಹಾಂ! ಮುಳ್ಳು 12ರ ಮೇಲೆ ಬಂದ ಆ ಕ್ಷಣಕ್ಕೆ ಕಣ್ಣು ಫೋನ್ ಕಡೆ ಹೋಗಬೇಕು. ಮನೆಯವರು ಮೊದಮೊದಲು ನಕ್ಕರು, ಈಗ ಸುಮ್ನೆ ಎದ್ದು ಹೋಗುತ್ತಾರೆ. ಎಣಿಸುವುದು ಬೇಡ ಅಂದರೆ ಇನ್ನೊಂದು ಫೋನಿನಲ್ಲಿ ಎರಡೂ ಕಾಣುವಂತೆ ಒಂದು ಫೋಟೋ ತೆಗೆಯಿರಿ.

ವಾಚು 9:00:00 ತೋರಿಸುವಾಗ ಫೋನಿನಲ್ಲಿ 8:59:52 ಇದ್ದರೆ ವಾಚು 8 ಸೆಕೆಂಡ್ ಮುಂದೆ ಇದೆ, +8 ಅಂತ ಬರೆಯಿರಿ. ಫೋನ್ 9:00:05 ತೋರಿಸಿದರೆ −5. ಇಲ್ಲಿ ಪ್ಲಸ್ ಮೈನಸ್ ಅದಲುಬದಲಾಗುವುದು ಜಾಸ್ತಿ, ನನಗೆ ಈಗಲೂ ಆಗುತ್ತದೆ. ಮರುದಿನ ಅದೇ ಹೊತ್ತಿಗೆ +19 ಬಂದರೆ, ದಿನಕ್ಕೆ 11 ಸೆಕೆಂಡ್ ಮುಂದೆ ಓಡುತ್ತಿದೆ ಅಂತ ಲೆಕ್ಕ. ಮೊದಲ ದಿನದ +8 ಮುಖ್ಯವಲ್ಲ, ಎರಡರ ನಡುವಿನ ವ್ಯತ್ಯಾಸವೇ ಬೇಕಾದ್ದು. ಹಾಗಾಗಿ ಟೈಮ್ ತಿರುಗಿಸುವ ಪಕ್ಕದ ಗುಂಡಿ ಎಳೆದರೂ ಸೆಕೆಂಡ್ ಮುಳ್ಳು ನಿಲ್ಲದ ಹಳೆ ವಾಚುಗಳನ್ನೂ ಆರಾಮಾಗಿ ಅಳೆಯಬಹುದು.

ಕೀ ಕೊಡುವ ವಾಚಿಗೆ ದಿನಾ ಒಂದೇ ಹೊತ್ತಿಗೆ ಪೂರ್ತಿ ಕೀ ಕೊಡಿ. ಸ್ಪ್ರಿಂಗ್ ಸಡಿಲವಾದಂತೆ ಒಳಗಿನ ಚಕ್ರದ ತೂಗಾಟ ಕಡಿಮೆಯಾಗಿ ಓಟವೂ ಬದಲಾಗುತ್ತದೆ.

ನನ್ನ ಪುಸ್ತಕದಲ್ಲಿ ಮೊದಲ ವಾರದ ದಿನದಿನದ ವ್ಯತ್ಯಾಸ ಹೀಗಿತ್ತು: +11, +10, +12, +11, +3, +11, +11. ಆ +3 ನನ್ನ ತಲೆ ತಿಂದಿತು. ತಪ್ಪಾಗಿ ಓದಿದೆನಾ? ಆಮೇಲೆ ನೆನಪಾಯಿತು. ಬೇರೆ ರಾತ್ರಿಗಳಲ್ಲಿ ವಾಚಿನ ಮುಖ ಮೇಲಿರುತ್ತಿತ್ತು. ಆ ಒಂದು ರಾತ್ರಿ ಬೆಲ್ಟ್ ಬಿಗಿದು ಬಳೆಯ ಹಾಗೆ ಮಲಗಿಸಿದ್ದೆ, ಗುಂಡಿ ಕೆಳಗೆ ಬಂದಿತ್ತು.

ಇಟ್ಟ ಭಂಗಿ ಬದಲಾದರೆ ಭೂಮಿಯ ಸೆಳೆತ ಚಕ್ರದ ಮೇಲೆ ಬೀಳುವ ರೀತಿಯೂ ಬದಲಾಗುತ್ತದೆ, ತಿಕ್ಕಾಟವೂ ಬದಲಾಗುತ್ತದೆ. ವಾಚುಗಳನ್ನು ಪರೀಕ್ಷಿಸುವ ಸ್ವಿಟ್ಜರ್ಲೆಂಡಿನ ಕೋಸ್ಕ್ ಸಂಸ್ಥೆ ಕ್ರೋನೋಮೀಟರ್, ಅಂದರೆ ಬಹಳ ನಿಖರವಾದ ವಾಚು, ಅಂತ ಪ್ರಮಾಣಪತ್ರ ಕೊಡುವ ಮೊದಲು 15 ದಿನ, 5 ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ಶಾಖದಲ್ಲಿ ಪರೀಕ್ಷೆ ಮಾಡುವುದು ಸುಮ್ನೆ ಅಲ್ಲ. ಅಲ್ಲಿ ಪಾಸಾಗಲು ದಿನದ ಸರಾಸರಿ −4ರಿಂದ +6 ಸೆಕೆಂಡ್ ಒಳಗಿರಬೇಕು. ಮನೆಯಲ್ಲಿ ಶಾಖದ ಗೊಡವೆ ಬೇಡ, ಭಂಗಿ ನೋಡಬಹುದು. ಒಂದೊಂದು ಭಂಗಿಯಲ್ಲಿ ಪೂರ್ತಿ 24 ಗಂಟೆ ಬಿಡಿ. ನನ್ನ ವಾಚು ಮುಖ ಮೇಲಿದ್ದಾಗ +14, ಮುಖ ಕೆಳಗಿದ್ದಾಗ +12, ಗುಂಡಿ ಕೆಳಗಿದ್ದಾಗ −9 ಕೊಟ್ಟಿತು. +14ಕ್ಕೂ −9ಕ್ಕೂ ನಡುವೆ 23 ಸೆಕೆಂಡ್. ರಾತ್ರಿಯ 8 ಗಂಟೆಗೆ ಅದರ ಮೂರನೇ ಒಂದು ಭಾಗ, ಅಂದರೆ ಹತ್ತಿರ ಹತ್ತಿರ 8. +11 ಇದ್ದದ್ದು +3 ಆಗಿದ್ದು ಯಾಕೆ ಅಂತ ಆಗ ತಿಳಿಯಿತು. ಆ ದಿನದ ಖುಷಿಯೇ ಬೇರೆ.

ದಿನಕ್ಕೆ 11 ಸೆಕೆಂಡ್ ತಪ್ಪು ಅಂದರೆ ಕೆಟ್ಟ ವಾಚು ಅಂದುಕೊಳ್ಳಬೇಡಿ. ದಿನಕ್ಕೆ 86,400 ಸೆಕೆಂಡ್. ನನ್ನ ಪ್ರಕಾರ ದಿನಾ +11 ಓಡುವ ವಾಚು, ಇವತ್ತು +2, ನಾಳೆ −6, ನಾಡಿದ್ದು +9 ಓಡುವ ವಾಚಿಗಿಂತ ಎಷ್ಟೋ ಮೇಲು. ಮೊದಲನೆಯದನ್ನು ರಿಪೇರಿಯವರು ಒಳಗಿನ ಸಣ್ಣ ಕಡ್ಡಿಯನ್ನು ಒಂಚೂರು ಸರಿಸಿ ಸರಿ ಮಾಡುತ್ತಾರೆ. ಎರಡನೆಯದನ್ನು ಬಿಚ್ಚಿ ನೋಡಬೇಕಾಗುತ್ತದೆ.

ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಮೊದಲು ಅಯಸ್ಕಾಂತದ ಮೇಲೆ ಅನುಮಾನ ಪಡಿ. ಒಂದು ರಾತ್ರಿ ವಾಚನ್ನು ಟ್ಯಾಬ್ಲೆಟ್ಟಿನ ಕವರ್ ಮೇಲೆ ಇಟ್ಟಿದ್ದೆ. ಕವರ್ ಮುಚ್ಚಿಕೊಳ್ಳುವ ಅಂಚಿನಲ್ಲಿ ಅಯಸ್ಕಾಂತ ಇತ್ತು. ಮರುದಿನ ನಾಲ್ಕು ನಿಮಿಷ ಮುಂದೆ! ಚಕ್ರವನ್ನು ತೂಗಿಸುವ ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗ್ ಗಿಡ್ಡವಾದಂತೆ ಆಗಿ ವಾಚು ಓಡತೊಡಗುತ್ತದೆ. ಒಂದು ಸಣ್ಣ ದಿಕ್ಸೂಚಿಯ ಪಕ್ಕ ವಾಚನ್ನು ನಿಧಾನಕ್ಕೆ ತಿರುಗಿಸಿ. ಸೂಜಿ ಅದರ ಜತೆ ಆಚೀಚೆ ಹೊರಳಿದರೆ ಅಯಸ್ಕಾಂತ ಹತ್ತಿದೆ ಅಂತ ಅರ್ಥ. ಫೋನಿನ ದಿಕ್ಸೂಚಿಗಿಂತ ನಿಜವಾದ ಸೂಜಿ ಇರುವುದೇ ವಾಸಿ. ರಿಪೇರಿಯವರ ಹತ್ತಿರ ಇದನ್ನು ತೆಗೆಯುವ ಯಂತ್ರ ಇರುತ್ತದೆ, ಕೆಲವೇ ಸೆಕೆಂಡ್ ಕೆಲಸ.

ಸೆಲ್ ಹಾಕುವ ಕ್ವಾರ್ಟ್ಸ್ ವಾಚಿಗೆ ಈ ದಿನಚರಿ ಬೇಡ. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸಾಮಾನ್ಯವಾಗಿ ತಿಂಗಳಿಗೆ 15 ಸೆಕೆಂಡ್ ಆಚೀಚೆ, ಅಷ್ಟೇ. ಇವತ್ತೊಮ್ಮೆ ಬರೆದು, ತಿಂಗಳು ಬಿಟ್ಟು ಇನ್ನೊಮ್ಮೆ ಬರೆಯಿರಿ. ಆ ತಿಂಗಳು ಪೂರ್ತಿ ಅದನ್ನು ಕೈಗೆ ಕಟ್ಟಿರಬೇಕು. ಹರಳು ಸುಮಾರು 25 ಡಿಗ್ರಿಯಲ್ಲಿ ಚೆನ್ನಾಗಿ ಓಡುವಂತೆ ಇರುತ್ತದೆ, ಚಳಿಯಾದರೂ ಸೆಖೆಯಾದರೂ ನಿಧಾನವಾಗುತ್ತದೆ. ಡ್ರಾಯರಿನಲ್ಲಿಟ್ಟು ಅಳೆದರೆ ಉತ್ತರ ಬೇರೆ. ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡ್ ಒಟ್ಟಿಗೆ ಜಿಗಿಯುತ್ತಿದ್ದರೆ ಸಾಧಾರಣವಾಗಿ ಸೆಲ್ ಮುಗಿಯುತ್ತಾ ಬಂದಿದೆ ಅಂತ ಸೂಚನೆ, ಮೊದಲು ಅದನ್ನು ಬದಲಿಸಿ.

ಟಿಕ್ ಟಿಕ್ ಕೇಳಿ ಲೆಕ್ಕ ಹೇಳುವ ಆ್ಯಪ್‌ಗಳೂ ಇವೆ. ಗಂಟೆಗೆ 28,800 ಬಡಿತದ ವಾಚು ಸೆಕೆಂಡಿಗೆ 8 ಸಲ ಬಡಿಯುತ್ತದೆ, ನನ್ನ ಹಳೆಯದು 18,000, ಅಂದರೆ 5 ಸಲ. ಫ್ಯಾನ್ ಆಫ್ ಮಾಡಿ, ಗುಂಡಿಯನ್ನು ಮೈಕಿಗೆ ತಾಗಿಸಿದರೆ ಅರ್ಧ ನಿಮಿಷದಲ್ಲಿ ಅಂಕಿ ಬರುತ್ತದೆ. ಆದರೆ ಅದು ಆ ಅರ್ಧ ನಿಮಿಷದ ಅಂಕಿ ಮಾತ್ರ. ನಾನು ನಂಬುವುದು ಪುಸ್ತಕವನ್ನೇ.

ಕೊನೆಗೆ ಆ ಪುಟವನ್ನೇ ರಿಪೇರಿಯವರ ಮುಂದೆ ಇಟ್ಟೆ. ಅವರು ಈ ಸಲ ಏನೂ ಕೇಳಲಿಲ್ಲ, ಕಡ್ಡಿ ಸರಿಸಿ ಕೊಟ್ಟರು. ಮನೆಗೆ ಬಂದು ಮತ್ತೆ ಅಳೆದೆ. ಮುಖ ಮೇಲೆ +3, ಗುಂಡಿ ಕೆಳಗೆ −20. ಓಟ ಇಳಿಯಿತು, ಎರಡರ ನಡುವಿನ 23 ಸೆಕೆಂಡ್ ಹಾಗೇ ಉಳಿಯಿತು. ಈಗ ರಾತ್ರಿ ಮರೆಯದೆ ಮುಖ ಮೇಲೆ ಮಾಡಿಯೇ ಇಡುತ್ತೇನೆ.