ಫಾಲೋವರ್‌ಗಳ ಸಮೇತ ಮಾಸ್ಟೊಡಾನ್ ಸರ್ವರ್ ಬದಲಿಸುವುದು ಹೇಗೆ?

ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದ ಮೇಲೆ, 2019ರ ನವೆಂಬರ್‌ನಲ್ಲಿ ನಮ್ಮ ದೇಶದ ತುಂಬ ಜನ ಟ್ವಿಟರ್‌ನಂಥದ್ದೇ ಆದ ಮಾಸ್ಟೊಡಾನ್ ಸೇರಿದರು. ಇದು ಒಬ್ಬರ ಕೈಯಲ್ಲಿರುವ ಜಾಲತಾಣ ಅಲ್ಲ. ಸಾವಿರಾರು ಸರ್ವರ್‌ಗಳಿವೆ, ನಡೆಸುವವರು ಬೇರೆ ಬೇರೆ. ಜಿಮೇಲ್‌ನಿಂದ ಯಾಹೂಗೆ ಮೇಲ್ ಹೋಗುವ ಹಾಗೆ ಒಂದು ಸರ್ವರ್‌ನ ಪೋಸ್ಟ್ ಇನ್ನೊಂದಕ್ಕೆ ಹೋಗುತ್ತದೆ. ಆದರೂ ಹೊಸಬರು ಜಾಸ್ತಿ ಸೇರುವುದು ಮಾಸ್ಟೊಡಾನ್ ಡಾಟ್ ಸೋಷಿಯಲ್ ಎಂಬ ಒಂದೇ ದೊಡ್ಡ ಸರ್ವರ್‌ಗೆ. 2023ರಿಂದ ಅಧಿಕೃತ ಆ್ಯಪ್ ಅದನ್ನೇ ಮೊದಲು ಮುಂದಿಡುತ್ತಿದೆ.

ಅದರಿಂದ ಏನು ತೊಂದರೆ ಅಂತೀರಾ? ಗೂಗಲ್‌ನ ಹಳೇ ಚಾಟ್ ಸೇವೆ ಗೂಗಲ್ ಟಾಕ್ ನೋಡಿ. 2006ರಲ್ಲಿ ಅದು ಬೇರೆಯವರ ಚಾಟ್ ಸರ್ವರ್‌ಗಳ ಜೊತೆ ಮಾತಾಡತೊಡಗಿತು. 2013ರಲ್ಲಿ ಅದರ ಜಾಗಕ್ಕೆ ಬಂದ ಹ್ಯಾಂಗೌಟ್ಸ್‌ನಲ್ಲಿ ಆ ಸೌಲಭ್ಯವೇ ಇರಲಿಲ್ಲ. ಬೇರೆ ಸರ್ವರ್‌ನಲ್ಲಿದ್ದವರಿಗೆ ಜಿಮೇಲ್ ಗೆಳೆಯರು ಚಾಟ್‌ನಲ್ಲಿ ಸಿಗುವುದು ಬರಬರುತ್ತಾ ನಿಂತೇಹೋಯಿತು. ದೊಡ್ಡವರು ಬಾಗಿಲು ಹಾಕಿಕೊಂಡರೆ ಚಿಕ್ಕವರು ಏನೂ ಮಾಡಲಾಗದು. ಅದಕ್ಕೇ ಜನ ಹಂಚಿಕೊಂಡು ಇರಬೇಕು, ಬೇಕೆಂದಾಗ ಹೊರಡಲು ಗೊತ್ತಿರಬೇಕು.

ಮೊದಲು ಹೊಸ ಸರ್ವರ್ ಹುಡುಕಿ. ಇಲ್ಲಿ ಅವಸರ ಬೇಡ. ಪ್ರತಿ ಸರ್ವರ್‌ಗೂ 'ಅಬೌಟ್' ಪುಟ ಇರುತ್ತದೆ. ಯಾರು ನಡೆಸುತ್ತಾರೆ, ನಿಯಮಗಳೇನು ಎಂದು ಅಲ್ಲೇ ಓದಿ. ಯಾವ ಸರ್ವರ್‌ಗಳನ್ನು ನಿರ್ಬಂಧಿಸಿದ್ದಾರೆ ಎಂಬ ಪಟ್ಟಿಯನ್ನೂ ಹಲವರು ಹಾಕಿರುತ್ತಾರೆ. ನಿಮ್ಮ ಗೆಳೆಯರ ಸರ್ವರ್ ಅದರಲ್ಲಿದ್ದರೆ ಅವರ ಪೋಸ್ಟ್ ನಿಮಗೆ ಬರುವುದಿಲ್ಲ. ಮಾಸ್ಟೊಡಾನ್‌ನ ಅಧಿಕೃತ ಪಟ್ಟಿಯಲ್ಲಿರುವ ಸರ್ವರ್‌ಗಳು ದಿನವೂ ಬ್ಯಾಕಪ್ ಇಡುವುದಾಗಿ, ಮುಚ್ಚುವ ಮೂರು ತಿಂಗಳ ಮೊದಲೇ ತಿಳಿಸುವುದಾಗಿ ಒಪ್ಪಿಕೊಂಡಿರುತ್ತವೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ.

ಮುಂದಿನದನ್ನೆಲ್ಲ ಬ್ರೌಸರ್‌ನಲ್ಲೇ ಮಾಡಿ. ಹಳೇ ಖಾತೆಯ ಸೆಟ್ಟಿಂಗ್ಸ್‌ನಲ್ಲಿ 'ಇಂಪೋರ್ಟ್ ಅಂಡ್ ಎಕ್ಸ್‌ಪೋರ್ಟ್' ತೆರೆದು, ನೀವು ಫಾಲೋ ಮಾಡುವವರ ಪಟ್ಟಿ, ಬ್ಲಾಕ್ ಪಟ್ಟಿ, ಬುಕ್‌ಮಾರ್ಕ್ ಎಲ್ಲವನ್ನೂ ಇಳಿಸಿಕೊಳ್ಳಿ.

ಹೊಸ ಖಾತೆ ತೆರೆದು, ಅದರ 'ಅಕೌಂಟ್' ಸೆಟ್ಟಿಂಗ್ಸ್‌ನಲ್ಲಿ ಬೇರೆ ಖಾತೆಯಿಂದ ಬರುವ ಆಯ್ಕೆ ಒತ್ತಿ. ಹಳೇ ವಿಳಾಸವನ್ನು ಸರ್ವರ್ ಹೆಸರಿನ ಸಮೇತ ಬರೆಯಿರಿ. ಇದನ್ನು ಬಿಟ್ಟರೆ ಮುಂದಿನ ಹೆಜ್ಜೆ ಆಗುವುದೇ ಇಲ್ಲ. ನಿಮ್ಮ ಫಾಲೋವರ್‌ಗಳನ್ನು ಬೇರೆ ಯಾರೋ ಎತ್ತಿಕೊಂಡು ಹೋಗಬಾರದಲ್ವಾ, ಅದಕ್ಕೆ ಈ ಕಾವಲು.

ಈಗ ಹಳೇ ಖಾತೆಗೆ ಹೋಗಿ, ಬೇರೆ ಖಾತೆಗೆ ಹೋಗುವ ಆಯ್ಕೆಯಲ್ಲಿ ಹೊಸ ವಿಳಾಸ, ಪಾಸ್‌ವರ್ಡ್ ಕೊಡಿ. ಫಾಲೋವರ್‌ಗಳು ತಾವಾಗಿಯೇ ಹೊಸ ಖಾತೆಗೆ ಬರುತ್ತಾರೆ. ಸ್ವಲ್ಪ ಹೊತ್ತು ಹಿಡಿಯಬಹುದು. ಒಮ್ಮೆ ಬದಲಿಸಿದರೆ 30 ದಿನ ಮತ್ತೆ ಬದಲಿಸಲಾಗದು.

ನೀವು ಫಾಲೋ ಮಾಡುವವರು ಮಾತ್ರ ತಾವಾಗಿ ಬರುವುದಿಲ್ಲ. ಇಳಿಸಿಕೊಂಡ ಪಟ್ಟಿಗಳನ್ನು ಹೊಸ ಖಾತೆಯಲ್ಲಿ ಇಂಪೋರ್ಟ್ ಮಾಡಿ.

ಹಳೇ ಪೋಸ್ಟ್‌ಗಳು ಹಳೇ ಸರ್ವರ್‌ನಲ್ಲೇ ಉಳಿಯುತ್ತವೆ. ನನಗೆ ಬೇಸರ ತರಿಸುವ ಕೊರತೆ ಇದೊಂದೇ. ಅವುಗಳ ಆರ್ಕೈವ್ ಕೇಳಿ ಇಳಿಸಿಟ್ಟುಕೊಳ್ಳಿ. ಏಳು ದಿನಕ್ಕೊಮ್ಮೆ ಕೇಳಬಹುದು. ಸರ್ವರ್ ಕೆಟ್ಟು ನಿಂತರೆ ಇದ್ಯಾವುದೂ ಆಗದು, ಹಾಗಾಗಿ ಅದು ಚೆನ್ನಾಗಿ ನಡೆಯುತ್ತಿರುವಾಗಲೇ ಹೊರಡಿ.